ಪಲೂಸ್–ಕ್ಯಾಸ್ಕೇಡ್ಸ್ ಟ್ರೇಲ್: ದಾರಿ ತುಂಡಾದ ಕಡೆ ಸೈಕಲ್‌ನಲ್ಲಿ ದಾಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಇರುವ ನಮ್ಮವರು ಒಮ್ಮೆ ಸ್ನೋಕ್ವಾಲ್ಮಿ ಸುರಂಗದ ತನಕ ಸೈಕಲ್ ಹೊಡೆದು ಬಂದರೆ ಸಾಕು, ಮುಂದಿನ ಪ್ರಶ್ನೆ ಶುರುವಾಗುತ್ತದೆ: ಈ ದಾರಿ ಎಲ್ಲಿ ತನಕ ಹೋಗುತ್ತದೆ? ಇದು ಹಳಿ ಕಿತ್ತ ಹಳೆಯ ರೈಲು ದಾರಿಯನ್ನೇ ಸವಾರರಿಗೆ ಬಿಟ್ಟಿರುವ ಪಲೂಸ್–ಕ್ಯಾಸ್ಕೇಡ್ಸ್ ಟ್ರೇಲ್, ವಾಷಿಂಗ್ಟನ್ ರಾಜ್ಯವನ್ನು ಅಡ್ಡಡ್ಡ ದಾಟಿ ಐಡಾಹೋ ಗಡಿ ತನಕ ಹೋಗುತ್ತದೆ. ಆದರೆ ನಡುವೆ ಹಲವು ಕಡೆ ಕಡಿದುಹೋಗಿದೆ. ಕೊಲಂಬಿಯಾ ನದಿ ದಾಟಿದ ಮೇಲೆ ಇದು ಇನ್ನೂ ಜಾಸ್ತಿ. ಇಲ್ಲಿನ ಸವಾರರು ಆ ಜಾಗಗಳನ್ನು ಗ್ಯಾಪ್ ಅನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ಲಾನ್ ಹಾಕುವಾಗ ಗ್ಯಾಪ್‌ನಿಂದಲೇ ಶುರು ಮಾಡಿ. ಟ್ರೇಲ್ ಇರುವ ಕಡೆ ದಾರಿ ತಾನಾಗಿ ಕಾಣುತ್ತದೆ. ಯಾವ ಟೈರು, ಎಷ್ಟು ನೀರು, ಯಾವ ತಿಂಗಳು, ದಿನಕ್ಕೆ ಎಷ್ಟು ದೂರ ಅನ್ನುವುದನ್ನೆಲ್ಲ ತೀರ್ಮಾನ ಮಾಡುವುದು ಗ್ಯಾಪ್‌ಗಳೇ.

ಇದು ಯಾವ ರೈಲಿನ ದಾರಿ?

ಜನ ಮಿಲ್ವಾಕೀ ರೋಡ್ ಅಂತ ಕರೆಯುತ್ತಿದ್ದ ಕಂಪನಿಯದು. ಪೂರ್ತಿ ಹೆಸರು ಶಿಕಾಗೋ, ಮಿಲ್ವಾಕೀ, ಸೇಂಟ್ ಪಾಲ್ ಆ್ಯಂಡ್ ಪೆಸಿಫಿಕ್ ರೈಲ್‌ರೋಡ್. 1909ರಲ್ಲಿ ಇದರ ಹಳಿ ಪಶ್ಚಿಮ ಕರಾವಳಿ ಮುಟ್ಟಿತು. 1977ರಲ್ಲಿ ಕಂಪನಿ ದಿವಾಳಿಯಾಯಿತು. 1980ರಲ್ಲಿ ಪಶ್ಚಿಮದ ಭಾಗವನ್ನು ಪೂರ್ತಿ ಕೈಬಿಟ್ಟಿತು. ಆಮೇಲೆ ರಾಜ್ಯ ಸರ್ಕಾರ ಆ ಜಾಗವನ್ನು ಕೊಂಡುಕೊಂಡಿತು. ಹೀಗೆ ಕೊಂಡು ಉಳಿಸಿ ಅಂತ ಓಡಾಡಿದವರಲ್ಲಿ ಕುದುರೆ ಸವಾರರು, ಕುದುರೆ ಗಾಡಿ ಓಡಿಸುವವರು ಮುಂದೆ ಇದ್ದರು. ಅವರ ಸಂಘ ಇವತ್ತಿಗೂ ಈ ದಾರಿಯಲ್ಲಿ ಗಾಡಿ ಕಟ್ಟಿಕೊಂಡು ಹೋಗುತ್ತದೆ. ಎದುರಿಗೆ ಕುದುರೆ ಬಂದರೆ ಸೈಕಲ್ ಇಳಿದು ನಿಲ್ಲಿ. ಮೆಲ್ಲಗೆ ಎರಡು ಮಾತಾಡಿ. ಸೈಕಲ್ ಮೇಲೆ ಕೂತಿರುವುದು ಮನುಷ್ಯ ಅಂತ ಕುದುರೆಗೆ ಗೊತ್ತಾಗಬೇಕು.

ಪಶ್ಚಿಮದ ತುದಿ ನಾರ್ತ್ ಬೆಂಡ್ ಹತ್ತಿರ, ರ್‍ಯಾಟಲ್‌ಸ್ನೇಕ್ ಕೆರೆಯ ಪಕ್ಕದ ಸೀಡರ್ ಫಾಲ್ಸ್. ಪೂರ್ವದ ತುದಿ ಟೆಕೋವಾ ಊರಿನ ಆಚೆ. ಒಟ್ಟು 400 ಕಿ.ಮೀ.ಗೂ ಜಾಸ್ತಿ. ಮೊದಲು ಇದಕ್ಕೆ ಜಾನ್ ವೇಯ್ನ್ ಪಯನೀರ್ ಟ್ರೇಲ್ ಅನ್ನುವ ಹೆಸರಿತ್ತು. 2018ರಲ್ಲಿ ಹೆಸರು ಬದಲಾಯಿತು. ಹಳೆಯ ಮ್ಯಾಪ್‌ಗಳಲ್ಲಿ ಆ ಹೆಸರೇ ಕಂಡರೆ ಗೊಂದಲ ಬೇಡ, ಎರಡೂ ಒಂದೇ.

ರೈಲು ಒಂದೇ ಸಮನೆ ಓಡಿದ ದಾರಿ ಈಗ ಯಾಕೆ ತುಂಡು ತುಂಡಾಗಿದೆ?

ಅಮೆರಿಕದಲ್ಲಿ ರೈಲ್ವೆ ಕಂಪನಿಗಳು ಎಲ್ಲ ಜಮೀನನ್ನೂ ಕ್ರಯಕ್ಕೆ ಕೊಂಡಿರಲಿಲ್ಲ. ಎಷ್ಟೋ ಕಡೆ ಹಳಿ ಹಾಕುವ ಹಕ್ಕು ಮಾತ್ರ ಅವರದಾಗಿತ್ತು. ರೈಲು ನಿಂತ ದಿನ ಆ ಹಕ್ಕೂ ಮುಗಿಯಿತು, ಜಮೀನು ಪಕ್ಕದ ರೈತನಿಗೆ ವಾಪಸ್ ಹೋಯಿತು. ಇದನ್ನು ತಪ್ಪಿಸಲು 1983ರಲ್ಲಿ ಒಂದು ಕೇಂದ್ರ ಕಾನೂನು ಬಂತು. ಮುಂದೆ ಎಂದಾದರೂ ರೈಲು ಬೇಕಾಗಬಹುದು, ಅಲ್ಲಿ ತನಕ ಈ ಪಟ್ಟಿಯನ್ನು ಟ್ರೇಲ್ ಆಗಿ ಇಟ್ಟುಕೊಳ್ಳಿ ಅನ್ನುವ ಏರ್ಪಾಡು ಅದು. ರೈಲ್‌ಬ್ಯಾಂಕಿಂಗ್ ಅನ್ನುತ್ತಾರೆ. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಇದನ್ನು ಒಪ್ಪಿತು. ಆದರೆ ಮಿಲ್ವಾಕೀ ರೋಡ್ ಹೊರಟುಹೋಗಿದ್ದು 1980ರಲ್ಲಿ. ಕಾನೂನು ಬರುವ ಹೊತ್ತಿಗೆ ರೈಲು ಹೋಗಿ ಮೂರು ವರ್ಷ ಆಗಿತ್ತು. ಈ ಮೂರು ವರ್ಷ ಇಲ್ಲಿನ ನಕ್ಷೆಯನ್ನೇ ಬದಲಾಯಿಸಿದೆ ಅಂತ ನನಗೆ ಅನಿಸುತ್ತದೆ.

ಇನ್ನೂ ಕಾರಣಗಳಿವೆ. ಕೆಲವು ಕಡೆ ಬೇರೆ ಕಂಪನಿ ಹಳಿ ತೆಗೆದುಕೊಂಡು ಇಂದಿಗೂ ಗೂಡ್ಸ್ ಓಡಿಸುತ್ತದೆ. ಕೆಲವು ಕಡೆ ಎತ್ತರದ ಕಬ್ಬಿಣದ ಸೇತುವೆಗಳನ್ನೇ ಬಿಚ್ಚಿ ಹಾಕಿದ್ದಾರೆ. ಜಾಗ ಸರ್ಕಾರದ್ದೇ, ಆದರೆ ಕಣಿವೆ ದಾಟಲು ಏನೂ ಇಲ್ಲ.

ಇಲ್ಲೊಂದು ಹಳೆಯ ಕಥೆ ಹೇಳಲೇಬೇಕು. ಮಿಲ್ವಾಕೀ ರೋಡ್ ಬೆಟ್ಟದ ದಾರಿಗೆ ಕರೆಂಟ್ ಎಂಜಿನ್ ತಂದ ಕಂಪನಿ. ಮೊಂಟಾನಾದ ಹಾರ್ಲೋಟನ್‌ನಿಂದ ಐಡಾಹೋದ ಏವರಿ ತನಕ ತಂತಿ ಎಳೆಯಿತು. ಈ ಕಡೆ ಒಥೆಲೋದಿಂದ ಟಕೋಮಾ ತನಕ ಎಳೆಯಿತು. ನಡುವಿನ ಏವರಿ–ಒಥೆಲೋ ಭಾಗಕ್ಕೆ ಎಂದೂ ತಂತಿ ಬರಲಿಲ್ಲ. ರೈಲಿನವರು ಆ ಭಾಗವನ್ನು ‘ದಿ ಗ್ಯಾಪ್’ ಅಂತಲೇ ಕರೆಯುತ್ತಿದ್ದರು. ಅಲ್ಲಿ ಎಂಜಿನ್ ಬದಲಾಯಿಸಬೇಕಿತ್ತು. ಈಗ ಸೈಕಲ್ ಸವಾರರಿಗೆ ಅತಿ ಕಷ್ಟ ಕೊಡುವುದೂ ಹೆಚ್ಚು ಕಡಿಮೆ ಒಥೆಲೋದಿಂದ ಪೂರ್ವದ ಅದೇ ಭಾಗ.

ಸರಿ, ಗ್ಯಾಪ್‌ಗಳು ಎಲ್ಲೆಲ್ಲಿ ಇವೆ?

ಪಶ್ಚಿಮದಿಂದ ಪೂರ್ವಕ್ಕೆ ಹೇಳುತ್ತೇನೆ.

ಸೀಡರ್ ಫಾಲ್ಸ್‌ನಿಂದ ಎಲೆನ್ಸ್‌ಬರ್ಗ್ ತನಕ ದಾರಿ ಸಲೀಸು. ಏರು ಶೇ. 2ಕ್ಕಿಂತ ಕಡಿಮೆ. ಇಲ್ಲಿರುವುದು ಸೀಸನ್ ಗ್ಯಾಪ್. ಸ್ನೋಕ್ವಾಲ್ಮಿ ಸುರಂಗವನ್ನು ಚಳಿಗಾಲಕ್ಕೆ ಮುಚ್ಚುತ್ತಾರೆ. ಸಾಮಾನ್ಯವಾಗಿ ನವೆಂಬರ್ 1ರಿಂದ ಮೇ 1ರ ತನಕ. ಸುರಂಗದ ಉದ್ದ ಸುಮಾರು 3.7 ಕಿ.ಮೀ. ಒಳಗೆ ಒಂದು ದೀಪವೂ ಇಲ್ಲ. ಹೊರಗೆ ಸುಡು ಬಿಸಿಲಿದ್ದರೂ ಒಳಗೆ ಚಳಿ ಹಿಡಿಯುತ್ತದೆ. ಜಾಕೆಟ್, ಒಳ್ಳೆಯ ಲೈಟು ಎರಡೂ ಬೇಕು.

ಎಲೆನ್ಸ್‌ಬರ್ಗ್‌ನಲ್ಲಿ ಟ್ರೇಲ್ ಊರಿನೊಳಗೆ ಮಾಯವಾಗುತ್ತದೆ. ಊರಿನ ಬೀದಿಗಳಲ್ಲಿ ಹೋಗಿ ಮತ್ತೆ ಸೇರಬೇಕು. ಬೋರ್ಡ್‌ಗಳಿವೆ, ಇದು ಅತಿ ಸುಲಭದ ಗ್ಯಾಪ್. ಊಟ, ನೀರು, ಸೈಕಲ್ ಅಂಗಡಿ ಎಲ್ಲ ಇಲ್ಲೇ ಮುಗಿಸಿಕೊಳ್ಳಿ.

ಕಿಟಿಟಾಸ್ ಊರು ದಾಟಿದ ಮೇಲೆ ಐ-90 ಹೆದ್ದಾರಿಯ ಮೇಲೆ ರೆನ್‌ಸ್ಲೋ ಸೇತುವೆ ಇದೆ. ಮೊದಲು ಇಲ್ಲಿ ಕೆಳಗಿಳಿದು ಸುತ್ತಿ ಹೋಗಬೇಕಿತ್ತು. ಈಗ ಹಲಗೆ, ಕಂಬಿ ಕೂರಿಸಿ ಸೇತುವೆ ತೆರೆದಿದ್ದಾರೆ. ಆಮೇಲೆ ಬರುವುದು ಮಿಲಿಟರಿ ತರಬೇತಿ ಜಾಗ, ಅದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆ ಇದೆ. ಅಲ್ಲಿ ಬೊಯ್ಲ್‌ಸ್ಟನ್ ಸುರಂಗದಲ್ಲಿ ಕಲ್ಲು ಬೀಳುತ್ತದೆ, ಒಳಗೆ ಹೋಗಬೇಡಿ. ಸುರಂಗದ ಹೊರಗಿಂದ ಸುತ್ತಿ ಹೋಗುವ ದಾರಿ ಇದೆ.

ಕೊಲಂಬಿಯಾ ನದಿಯ ಬೆವರ್ಲಿ ಸೇತುವೆ 2022ರ ಏಪ್ರಿಲ್‌ನಲ್ಲಿ ತೆರೆಯಿತು. ಈ ಸೇತುವೆ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಸುಮಾರು 900 ಮೀಟರ್ ಉದ್ದ, 1909ರದ್ದು. ಸುಮಾರು 40 ವರ್ಷ ಇದು ಬೇಲಿ ಹಿಂದೆ ಸುಮ್ಮನೆ ನಿಂತಿತ್ತು. ಆಗ ಸವಾರರು ಉತ್ತರಕ್ಕೆ ವಾಂಟೇಜ್ ತನಕ ಹೋಗಿ, ಬದಿಯಲ್ಲಿ ಜಾಗವೇ ಇಲ್ಲದ ಐ-90 ಸೇತುವೆಯನ್ನು ಯಾರದ್ದಾದರೂ ಪಿಕಪ್ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ದಾಟಬೇಕಿತ್ತು. ಈಗ ನದಿಯ ಮೇಲೆ ನಿಧಾನವಾಗಿ, ಎರಡೂ ಕಡೆಯ ಕಪ್ಪು ಬಸಾಲ್ಟ್ ಬಂಡೆ ನೋಡುತ್ತಾ ಹೋಗಬಹುದು. ಒಂದು ಗ್ಯಾಪ್ ಮುಚ್ಚಿದರೆ ಎಷ್ಟು ಬದಲಾಗುತ್ತದೆ ಅಂತ ನೋಡಬೇಕಾದರೆ ಇಲ್ಲಿಗೆ ಬನ್ನಿ.

ನದಿ ದಾಟಿದ ಮೇಲೆ ಕ್ರ್ಯಾಬ್ ಕ್ರೀಕ್ ಕಣಿವೆ. ಬೆವರ್ಲಿಯಿಂದ ಸ್ಮಿರ್ನಾ ಕಡೆಗೆ ಟ್ರೇಲ್ ಇದೆ, ಆದರೆ ಮರಳು ಜಾಸ್ತಿ. ಪಕ್ಕದಲ್ಲೇ ಲೋಯರ್ ಕ್ರ್ಯಾಬ್ ಕ್ರೀಕ್ ರಸ್ತೆ ಓಡುತ್ತದೆ. ಮರಳಿನಲ್ಲಿ ತಳ್ಳಿ ಸುಸ್ತಾದವರು ಅದನ್ನೇ ಹಿಡಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ರಾಯಲ್ ಸಿಟಿ ಜಂಕ್ಷನ್ ಅನ್ನುವ ಜಾಗದಿಂದ ಒಥೆಲೋ ಮೂಲಕ ವಾರ್ಡನ್ ತನಕ ದೊಡ್ಡ ಗ್ಯಾಪ್. ಇಲ್ಲಿ ಹಳಿ ಇದೆ, ಗೂಡ್ಸ್ ರೈಲಿನ ಜಾಗ. ಪೂರ್ತಿ ರಸ್ತೆಯಲ್ಲೇ ಹೋಗಬೇಕು. ಒಂದಿಡೀ ದಿನ ಇದಕ್ಕೇ ಇಟ್ಟುಕೊಳ್ಳಿ.

ವಾರ್ಡನ್‌ನಿಂದ ಮತ್ತೆ ಟ್ರೇಲ್ ಸಿಗುತ್ತದೆ. ಲಿಂಡ್ ಹತ್ತಿರ ಹಳೆಯ ಎತ್ತರದ ಸೇತುವೆ ಈಗ ಇಲ್ಲ. ಇಳಿದು, ಊರು ದಾಟಿ, ಹತ್ತಿ ಸೇರಬೇಕು. ಆಮೇಲೆ ರಾಲ್ಸ್ಟನ್. ಅದರಾಚೆ ಮರೆಂಗೋ ಹತ್ತಿರ ಕೌ ಕ್ರೀಕ್ ಸೇತುವೆಯೂ ಇಲ್ಲ. ಇಲ್ಲಿ ಎಷ್ಟೋ ಜನ ಕಣಿವೆಯೊಳಗೆ ಇಳಿದು ಹತ್ತಬಹುದು ಅಂದುಕೊಳ್ಳುತ್ತಾರೆ. ಕೆಳಗಿನ ಜಮೀನು ಖಾಸಗಿ, ಇಳಿಜಾರು ಕಡಿದು. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ರಸ್ತೆಯಲ್ಲಿ ಸುತ್ತಿ ಹೋಗಿ.

ಈವನ್ ಊರಿನಾಚೆ ರಾಕ್ ಲೇಕ್. ಮಿಲ್ವಾಕೀ ರೋಡ್‌ನ ಹಳೆಯ ದಾರಿ ಕೆರೆಯ ದಡದಲ್ಲೇ ಹೋಗುತ್ತದೆ, ಬಂಡೆ ಕೊರೆದ ಸುರಂಗಗಳಿವೆ. ನೋಡಲು ಆಸೆಯಾಗುವುದು ಸಹಜ. ಆದರೆ ಅದರ ಒಂದು ತುಂಡು ಖಾಸಗಿಯವರದ್ದು. ರಸ್ತೆಯಲ್ಲಿ ಸುತ್ತಿಕೊಂಡು ಮಾಲ್ಡನ್ ಕಡೆ ಹೋಗಬೇಕು.

ಮಾಲ್ಡನ್‌ನಲ್ಲಿ ಸ್ವಲ್ಪ ನಿಲ್ಲಿ. 2020ರ ಸೆಪ್ಟೆಂಬರ್ 7ರಂದು ಕಾಡ್ಗಿಚ್ಚು ಬಂದು ಈ ಊರಿನ ಸುಮಾರು ಶೇ. 80ರಷ್ಟು ಕಟ್ಟಡ ಸುಟ್ಟುಹೋಯಿತು. ಒಂದು ಕಾಲದಲ್ಲಿ ರೈಲಿನಿಂದಲೇ ಬದುಕಿದ ಊರು. ಅಲ್ಲಿ ಏನಾದರೂ ಕೊಳ್ಳಲು ಸಿಕ್ಕರೆ ಕೊಳ್ಳಿ. ಆದರೆ ನೀರು, ಊಟಕ್ಕೆ ಆ ಊರನ್ನೇ ನಂಬಿಕೊಂಡು ಹೋಗಬೇಡಿ.

ರೋಸಾಲಿಯಾದಲ್ಲಿ ಕಾಂಕ್ರೀಟ್ ಕಮಾನಿನ ಚಂದದ ಸೇತುವೆ ಇದೆ. ಟೆಕೋವಾದ ಸೇತುವೆ ಸುಮಾರು 300 ಮೀಟರ್ ಉದ್ದದ್ದು, ಅದೂ 2022ರಲ್ಲಿ ತೆರೆಯಿತು.

ಗೂಡ್ಸ್ ಹಳಿ ಪಕ್ಕದ ಜಲ್ಲಿ ಮೇಲೆ ಹೋದರೆ ಏನು? ದಿನಕ್ಕೆ ಒಂದೆರಡು ರೈಲು ತಾನೆ?

ಬೇಡ. ಅದು ರೈಲ್ವೆ ಕಂಪನಿಯ ಖಾಸಗಿ ಆಸ್ತಿ, ಅಲ್ಲಿ ಓಡಾಡುವುದು ಕಾನೂನಿನ ಪ್ರಕಾರ ಅತಿಕ್ರಮ ಪ್ರವೇಶ. ಕಡಿಮೆ ರೈಲು ಓಡುವ ಹಳಿಯಲ್ಲಿ ರೈಲು ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ನಮ್ಮಲ್ಲಿ ಹಲವರಿಗೆ ಸಕಲೇಶಪುರ–ಸುಬ್ರಹ್ಮಣ್ಯ ಹಳಿಯ ಮೇಲೆ ನಡೆದ ನೆನಪು ಇರುತ್ತದೆ. ಆ ಕಾಲ ಬೇರೆ. ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ಬದಲಾಯಿಸಲು 1996ರಿಂದ ವರ್ಷಗಟ್ಟಲೆ ಅಲ್ಲಿ ಪ್ರಯಾಣಿಕರ ರೈಲು ನಿಂತಿತ್ತು. ರೈಲು ಮತ್ತೆ ಶುರುವಾದ ಮೇಲೆ ಅಲ್ಲೂ ನಡೆಯುವುದಕ್ಕೆ ಅವಕಾಶ ಇಲ್ಲ. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಬೇಲಿಯಾಚೆ ಟ್ರೇಲ್ ಕಾಣುತ್ತಿದೆ. ಬರೀ ಅರ್ಧ ಕಿಲೋಮೀಟರ್. ಯಾರೂ ಇಲ್ಲ. ಹೋಗಲಾ?

ಹೋಗಬೇಡಿ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

2015ರಲ್ಲಿ ಏನಾಯಿತು ಗೊತ್ತಾ? ಪೂರ್ವ ಭಾಗದ ಸುಮಾರು 200 ಕಿ.ಮೀ. ಟ್ರೇಲ್ ಅನ್ನು ಮುಚ್ಚಿ, ಜಾಗವನ್ನು ಅಕ್ಕಪಕ್ಕದ ಜಮೀನಿನವರಿಗೆ ಬಿಟ್ಟುಕೊಡುವ ಒಂದು ಸಾಲು ರಾಜ್ಯದ ಬಜೆಟ್‌ನೊಳಗೆ ಸೇರಿತ್ತು. ಬರೆಯುವಾಗ ಗಡಿ ಹೇಳುವ ಕಡೆ ಅಕ್ಷರ ತಪ್ಪಾಗಿ ಆ ಸಾಲಿಗೆ ಬಲವೇ ಇಲ್ಲದಂತಾಯಿತು. ಟ್ರೇಲ್ ಉಳಿಯಿತು. ಆಮೇಲೆ ಜನ ಎಚ್ಚೆತ್ತುಕೊಂಡು ದನಿ ಎತ್ತಿದರು. ಏಳು ವರ್ಷದಲ್ಲಿ ಬೆವರ್ಲಿ, ಟೆಕೋವಾ ಸೇತುವೆಗಳೆರಡೂ ತೆರೆದವು.

ಮುಚ್ಚಬೇಕು ಅಂದ ರೈತರ ದೂರು ಸುಳ್ಳಾಗಿರಲಿಲ್ಲ. ಕಳೆ ಹರಡುತ್ತದೆ, ಗೇಟು ತೆರೆದಿಟ್ಟು ಹೋಗುತ್ತಾರೆ, ಬೆಂಕಿಯ ಭಯ, ಕಸ. ಒಣಗಿ ನಿಂತ ಗೋಧಿ ಹೊಲದ ಪಕ್ಕ ಒಂದು ಕಿಡಿ ಬಿದ್ದರೆ ಏನಾಗುತ್ತದೆ ಅಂತ ಮಾಲ್ಡನ್ ನೋಡಿದವರಿಗೆ ಹೇಳಬೇಕಾಗಿಲ್ಲ. ಉಳಿದ ಗ್ಯಾಪ್‌ಗಳು ಮುಚ್ಚಬೇಕಾದರೆ ಇದೇ ರೈತರು ಒಪ್ಪಬೇಕು. ಒಬ್ಬ ಸವಾರ ಬೇಲಿ ಹಾರಿದರೆ ಅದರ ಬೆಲೆ ಮುಂದೆ ಬರುವವರು ಕೊಡುತ್ತಾರೆ.

ಟ್ರೇಲ್ ಮೇಲೇ ಅಲ್ಲಲ್ಲಿ ದನದ ಗೇಟು ಸಿಗುತ್ತವೆ. ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಸಿಗರೇಟು, ಕ್ಯಾಂಪ್ ಬೆಂಕಿ ಎರಡೂ ಬೇಡ.

ಮ್ಯಾಪ್‌ನಲ್ಲಿ ಗೆರೆ ಪೂರ್ತಿ ಇದೆ. ಅದನ್ನು ನಂಬಬಹುದಾ?

ಒಂದೇ ಮ್ಯಾಪ್ ನಂಬಬೇಡಿ. ಹಳೆಯ ರೈಲಿನ ದಾರಿಯನ್ನು ಹಾಗೇ ಟ್ರೇಲ್ ಅಂತ ತೋರಿಸುವ ಆ್ಯಪ್‌ಗಳಿವೆ. ನಾನು ಅನುಸರಿಸುವ ಕ್ರಮ ಹೀಗೆ.

ಮೊದಲು ವಾಷಿಂಗ್ಟನ್ ಸ್ಟೇಟ್ ಪಾರ್ಕ್ಸ್‌ನ ಟ್ರೇಲ್ ಪುಟ ನೋಡಿ, ಮುಚ್ಚಿದ ಜಾಗಗಳ ಸೂಚನೆ ಓದಿ. ಪಲೂಸ್ ಟು ಕ್ಯಾಸ್ಕೇಡ್ಸ್ ಟ್ರೇಲ್ ಕೊಅಲಿಷನ್ ಅನ್ನುವ ಸವಾರರ ಸಂಘಟನೆ ಗ್ಯಾಪ್ ಸುತ್ತಿ ಹೋಗುವ ಬಳಸು ದಾರಿಗಳ ಬಗ್ಗೆ ಒಳ್ಳೆಯ ಮಾಹಿತಿ ಇಟ್ಟಿದೆ, ಅದನ್ನೂ ನೋಡಿ. ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆಯಿರಿ. ಅದರಲ್ಲಿ ಕೈಬಿಟ್ಟ ರೈಲು, ಓಡುತ್ತಿರುವ ರೈಲು, ಸೈಕಲ್ ದಾರಿ ಮೂರಕ್ಕೂ ಬೇರೆ ಬೇರೆ ಗುರುತು ಇರುತ್ತದೆ.

ಅನುಮಾನ ಬಂದ ಜಾಗಕ್ಕೆ ಉಪಗ್ರಹ ಚಿತ್ರ ಹಾಕಿ ದೊಡ್ಡದು ಮಾಡಿ ನೋಡಿ. ಸೇತುವೆ ಇಲ್ಲದ ಕಡೆ ಎರಡೂ ದಡದ ಕಟ್ಟೆ ಕಾಣುತ್ತದೆ, ನಡುವೆ ನೆರಳೇ ಇರುವುದಿಲ್ಲ. ಸೇತುವೆ ಇದ್ದರೆ ಅದರ ನೆರಳು ಕಣಿವೆಯಲ್ಲಿ ಬಿದ್ದಿರುತ್ತದೆ. ಉಳುಮೆ ಗೆರೆ ಹಳೆಯ ದಾರಿಯನ್ನು ಅಡ್ಡ ದಾಟಿದ್ದರೆ ಅದು ಹೊಲವಾಗಿದೆ ಅಂತ ಅರ್ಥ.

ಕೊನೆಯದು ಕೌಂಟಿಯ ಜಮೀನು ಮ್ಯಾಪ್. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಪಹಣಿ ನೋಡುವ ಹಾಗೆ ಇಲ್ಲಿ ಪ್ರತಿ ಕೌಂಟಿಯ ವೆಬ್‌ಸೈಟಿನಲ್ಲಿ ಯಾವ ತುಂಡು ಯಾರದ್ದು ಅಂತ ನೋಡಬಹುದು. ಈ ಟ್ರೇಲ್‌ಗೆ ಕಿಂಗ್, ಕಿಟಿಟಾಸ್, ಗ್ರ್ಯಾಂಟ್, ಆಡಮ್ಸ್, ವಿಟ್‌ಮನ್ ಕೌಂಟಿಗಳನ್ನು ನೋಡಿ. ಪಟ್ಟಿ ರಾಜ್ಯ ಸರ್ಕಾರದ ಹೆಸರಲ್ಲಿ ಎಲ್ಲಿ ನಿಲ್ಲುತ್ತದೋ ಗ್ಯಾಪ್ ಅಲ್ಲಿ ಶುರು. ನೀವು ಇಳಿಯಬೇಕಾದ್ದು ಅದಕ್ಕಿಂತ ಮುಂಚಿನ ರಸ್ತೆ ಕ್ರಾಸಿಂಗ್‌ನಲ್ಲಿ. ಇದು ಮುಖ್ಯ. ಗ್ಯಾಪ್ ಬಾಯಿ ತನಕ ಹೋದರೆ ಅಲ್ಲಿಂದ ಹೊರಗೆ ದಾರಿ ಇರುವುದಿಲ್ಲ, ಜಲ್ಲಿಯಲ್ಲಿ ಬಂದಷ್ಟೂ ವಾಪಸ್ ತಳ್ಳಬೇಕು. ಹೀಗಾಗಿ ನಿಮ್ಮ ರೂಟ್ ಫೈಲಿನಲ್ಲಿ ಪ್ರತಿ ಗ್ಯಾಪ್‌ಗೂ ಇಳಿಯುವ ಕ್ರಾಸಿಂಗ್ ಒಂದು, ಹತ್ತುವ ಕ್ರಾಸಿಂಗ್ ಒಂದು ಗುರುತು ಹಾಕಿ.

ಎಲ್ಲವನ್ನೂ ಆಫ್‌ಲೈನ್ ಇಳಿಸಿಕೊಳ್ಳಿ. ನದಿಯಾಚೆ ಫೋನ್ ಸಿಗ್ನಲ್ ಬಹಳ ಕಡೆ ಇಲ್ಲ. ಒಬ್ಬರೇ ಹೋಗುವುದಾದರೆ ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನ ಬೇಕೇ ಬೇಕು. ಇಲ್ಲಿನ ಬೋರ್ಡ್‌ಗಳೆಲ್ಲ ಮೈಲಿಯಲ್ಲಿವೆ, ಸೈಕಲ್ ಕಂಪ್ಯೂಟರನ್ನೂ ಮೈಲಿಗೆ ಹಾಕಿಕೊಂಡರೆ ಒಳ್ಳೆಯದು.

ಬಳಸು ದಾರಿಗೆ ಹೆದ್ದಾರಿಯೋ, ಮಣ್ಣು ರಸ್ತೆಯೋ?

ಸಮಯ ಇದ್ದರೆ ಮಣ್ಣು ರಸ್ತೆ. ಪೂರ್ವ ವಾಷಿಂಗ್ಟನ್ ತುಂಬ ಕೌಂಟಿಯ ಜಲ್ಲಿ ರಸ್ತೆಗಳಿವೆ. ಗಂಟೆಗೆ ಒಂದು ಗಾಡಿ ಬಂದರೆ ಹೆಚ್ಚು. ಡ್ರೈವರ್ ಕೈ ಎತ್ತುತ್ತಾನೆ, ನೀವೂ ಎತ್ತಿ. ಆದರೆ ಏರಿಳಿತ ಜಾಸ್ತಿ. ರೈಲಿನ ದಾರಿಯ ಸಮತಟ್ಟಿಗೆ ಒಗ್ಗಿದ ಕಾಲಿಗೆ ಪಲೂಸ್ ಗುಡ್ಡಗಳು ಭಾರ ಅನಿಸುತ್ತವೆ. ದಿನದ ದೂರ ಲೆಕ್ಕ ಹಾಕುವಾಗ ಬಳಸು ದಾರಿಯ ಒಂದು ಕಿಲೋಮೀಟರಿಗೆ ಒಂದೂವರೆ ಅಂತ ಹಿಡಿಯಿರಿ.

ಒಥೆಲೋ ಸುತ್ತ ಹೆದ್ದಾರಿ 26ರಲ್ಲಿ ಒಂದಷ್ಟು ದೂರ ಹೋಗಬೇಕಾಗಬಹುದು. ಅಲ್ಲಿ ಆಲೂಗಡ್ಡೆ, ಹುಲ್ಲು ಹೊತ್ತ ಲಾರಿಗಳು ವೇಗವಾಗಿ ಬರುತ್ತವೆ. ಬೆಳಗ್ಗೆ ಬೇಗ ದಾಟಿಬಿಡಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ, ಕನ್ನಡಿ ಇರಲಿ. ಇಬ್ಬರಿದ್ದರೆ ಒಬ್ಬರ ಹಿಂದೆ ಒಬ್ಬರು. ಊರಿಂದ ಈಚೆಗೆ ಬಂದವರು ಮರೆಯಬೇಡಿ, ಇಲ್ಲಿ ಬಲಗಡೆ ಹೋಗಬೇಕು. ಸುಸ್ತಾದಾಗ ಖಾಲಿ ರಸ್ತೆಯಲ್ಲಿ ಹಳೆಯ ಅಭ್ಯಾಸ ಮರಳಿ ಎಡಕ್ಕೆ ಎಳೆಯುತ್ತದೆ.

ಯಾವ ಟೈರು?

ಕನಿಷ್ಠ 45 ಮಿ.ಮೀ. ಅಗಲ. 50 ಇದ್ದರೆ ಇನ್ನೂ ಒಳ್ಳೆಯದು. ನದಿಯ ಪೂರ್ವಕ್ಕೆ ದಪ್ಪ ಜಲ್ಲಿ, ಮರಳು ಎರಡೂ ಇವೆ. ತೆಳ್ಳನೆ ಟೈರು ಬಳಸು ರಸ್ತೆಯಲ್ಲಿ ಹಾಯಾಗಿರುತ್ತದೆ, ಟ್ರೇಲ್ ಮೇಲೆ ಹೂತುಹೋಗುತ್ತದೆ.

ಮುಳ್ಳಿನ ವಿಷಯ ಕೇಳಿ. ಇಲ್ಲಿನವರು ಗೋಟ್‌ಹೆಡ್ ಅಂತ ಹೆದರುವ ಮುಳ್ಳು ನಮ್ಮ ನೆಗ್ಗಿಲು. ಅದೇ ಗಿಡ, ಅದೇ ಹಳದಿ ಹೂ. ಬರಿಗಾಲಲ್ಲಿ ಹೊಲದ ಬದುವಿನಲ್ಲಿ ಓಡಾಡಿದವರಿಗೆ ಪರಿಚಯ ಬೇಕಿಲ್ಲ. ಹೊರಗಿನಿಂದ ಬಂದು ಅಮೆರಿಕದ ಪಶ್ಚಿಮದ ಒಣ ಪ್ರದೇಶದಲ್ಲಿ ಹರಡಿಕೊಂಡಿದೆ. ನೆಲಕ್ಕೆ ಅಂಟಿ ಬೆಳೆಯುತ್ತದೆ. ಟ್ರೇಲ್ ಅಂಚು, ಪಾರ್ಕಿಂಗ್ ಜಾಗ, ರಸ್ತೆ ಕ್ರಾಸಿಂಗ್, ಅಂದರೆ ಸರಿಯಾಗಿ ಗ್ಯಾಪ್‌ಗೆ ಇಳಿಯುವ, ಹತ್ತುವ ಕಡೆಯೇ ಜಾಸ್ತಿ. ಬೇಸಿಗೆ ಮುಗಿಯುವ ಹೊತ್ತಿಗೆ ಮುಳ್ಳು ಒಣಗಿ ಉದುರಿರುತ್ತದೆ.

ಟ್ಯೂಬ್‌ಲೆಸ್ ಹಾಕಿಸಿ, ತೂತನ್ನು ತಾನೇ ಮುಚ್ಚುವ ದ್ರವ, ಅಂದರೆ ಸೀಲೆಂಟ್, ಹೊಸದಾಗಿ ತುಂಬಿಸಿ. ಮುಳ್ಳು ಚುಚ್ಚಿಕೊಂಡಿದ್ದು ಕಂಡರೂ ತಕ್ಷಣ ಕೀಳಬೇಡಿ, ಎಷ್ಟೋ ಸಲ ಮುಳ್ಳೇ ತೂತು ಮುಚ್ಚಿರುತ್ತದೆ. ಜೊತೆಗೆ ಟ್ಯೂಬು, ಪ್ಯಾಚು, ಪಂಪು. ನಿಲ್ಲುವಾಗ ಸೈಕಲನ್ನು ಹುಲ್ಲಂಚಿಗೆ ಒರಗಿಸಬೇಡಿ, ನಡುದಾರಿಯಲ್ಲೇ ನಿಲ್ಲಿಸಿ.

ನೀರು ಎಲ್ಲಿ ಸಿಗುತ್ತದೆ?

ಎಲ್ಲಿ ಸಿಗುವುದಿಲ್ಲ ಅಂತ ತಿಳಿದುಕೊಳ್ಳಿ. ಕಿಟಿಟಾಸ್ ಬಿಟ್ಟರೆ ನದಿಯ ತನಕ ಇಲ್ಲ. ಬೆವರ್ಲಿ ತೀರಾ ಸಣ್ಣ ಜಾಗ, ಅಂಗಡಿ ಬೇಕಾದರೆ ದಕ್ಷಿಣಕ್ಕೆ ಮಟಾವಾಗೆ ಹೋಗಬೇಕು. ಆಮೇಲೆ ಒಥೆಲೋ, ವಾರ್ಡನ್, ಲಿಂಡ್. ಲಿಂಡ್ ಬಿಟ್ಟರೆ ರೋಸಾಲಿಯಾ ತನಕ ಯಾವ ಅಂಗಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನೂರು ಕಿ.ಮೀ.ಗೂ ಹೆಚ್ಚಿನ ದೂರ ಅದು, ಅದರಲ್ಲೇ ಎರಡು ಗ್ಯಾಪ್.

ಬೇಸಿಗೆಯಲ್ಲಿ ಒಬ್ಬರಿಗೆ ಕನಿಷ್ಠ 6 ಲೀಟರ್ ಹೊರುವ ವ್ಯವಸ್ಥೆ ಇರಲಿ. ಹಳ್ಳದ ನೀರು ಹೊಲದ ಗೊಬ್ಬರ, ಔಷಧಿ ಸೇರಿ ಬರುತ್ತದೆ. ಫಿಲ್ಟರ್ ರೋಗಾಣು ತಡೆಯಬಹುದು, ಅದನ್ನೆಲ್ಲ ತಡೆಯುವುದಿಲ್ಲ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ. ಮಟಾವಾ, ಒಥೆಲೋ ಊರುಗಳಲ್ಲಿ ಮೆಕ್ಸಿಕನ್ ಮೂಲದವರೇ ಜಾಸ್ತಿ. ಹುರುಳಿಯಂಥ ಕಾಳು, ಅನ್ನ, ಟೋರ್ಟಿಯಾ, ಹಸಿಮೆಣಸಿನ ಚಟ್ನಿ ಚೆನ್ನಾಗಿರುತ್ತದೆ. ಕಾಳಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿ. ಉಳಿದ ಕಡೆಗೆ ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಕಟ್ಟಿಕೊಳ್ಳಿ. ತೂಕ ಕಡಿಮೆ, ಬಿಸಿಲಿಗೆ ಕೆಡುವುದಿಲ್ಲ.

ಯಾವ ತಿಂಗಳು? ಯಾವ ದಿಕ್ಕು?

ಮೇ ಕೊನೆ, ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ನದಿಯ ಆಚೀಚೆ 38 ಡಿಗ್ರಿ ದಾಟುವ ದಿನಗಳಿರುತ್ತವೆ, ನೆರಳೇ ಇಲ್ಲ. ಗೋಧಿ ಕೊಯ್ಲೂ ಅದೇ ಹೊತ್ತಿಗೆ, ಬಳಸು ರಸ್ತೆ ತುಂಬ ಲಾರಿ. ಕಾಡ್ಗಿಚ್ಚಿನ ಹೊಗೆ ಬೇರೆ.

ದಿಕ್ಕು ಪಶ್ಚಿಮದಿಂದ ಪೂರ್ವಕ್ಕೆ. ಕಿಟಿಟಾಸ್ ಕಣಿವೆಯಲ್ಲಿ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ, ಗಾಳಿಯಂತ್ರಗಳನ್ನು ಅಲ್ಲಿ ನಿಲ್ಲಿಸಿರುವುದು ಸುಮ್ನೆ ಅಲ್ಲ. ಇನ್ನೊಂದು ಕಾರಣ, ಬೊಯ್ಲ್‌ಸ್ಟನ್‌ನಿಂದ ನದಿಗೆ ಇಳಿಯುವ ಭಾಗ ಈ ಲೈನಿನ ಕಡಿದಾದ ಏರುಗಳಲ್ಲಿ ಒಂದು, ಸುಮಾರು ಶೇ. 2.2. ಸಡಿಲ ಜಲ್ಲಿಯಲ್ಲಿ ಅದನ್ನು ಹತ್ತುವುದಕ್ಕಿಂತ ಇಳಿಯುವುದು ಮೇಲು.

ಮಿಲಿಟರಿ ಜಾಗದಲ್ಲಿ ಹೋಗಬಹುದಾ?

ಹೋಗಬಹುದು. ಯಾಕಿಮಾ ಟ್ರೇನಿಂಗ್ ಸೆಂಟರ್ ಒಳಗೆ ಸುಮಾರು 35 ಕಿ.ಮೀ. ಟ್ರೇಲ್ ಹಾದುಹೋಗುತ್ತದೆ. ಒಳಗೆ ಹೋಗುವ ಮುಂಚೆ ಟ್ರೇಲ್ ತುದಿಯಲ್ಲಿ ಹೆಸರು ನೋಂದಾಯಿಸಬೇಕು. ಟ್ರೇಲ್ ಬಿಟ್ಟು ಆಚೆ ಈಚೆ ಕಾಲಿಡಬಾರದು. ಕ್ಯಾಂಪ್ ಹಾಕುವಂತಿಲ್ಲ, ಕತ್ತಲಾಗುವ ಮುಂಚೆ ಹೊರಗಿರಬೇಕು. ಕಿಟಿಟಾಸ್‌ನಲ್ಲಿ ಉಳಿದು ನಸುಕಿನಲ್ಲಿ ಹೊರಡಿ. ತರಬೇತಿ ಇದ್ದಾಗ ಮುಚ್ಚಬಹುದು, ಹಿಂದಿನ ದಿನ ವಿಚಾರಿಸಿ.

ದೊಡ್ಡ ಗ್ಯಾಪ್ ಅನ್ನು ಕಾರಿನಲ್ಲಿ ದಾಟಿದರೆ ತಪ್ಪಾ?

ಖಂಡಿತ ಇಲ್ಲ. ಮನೆಯವರೋ ಗೆಳೆಯರೋ ಕಾರು ತರುವುದಾದರೆ ರಾಯಲ್ ಸಿಟಿ ಜಂಕ್ಷನ್–ವಾರ್ಡನ್ ಭಾಗಕ್ಕೆ ಅದೇ ಒಳ್ಳೆಯದು. ಸ್ಟೇಟ್ ಪಾರ್ಕ್ಸ್ ಜಾಗದಲ್ಲಿ ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ ಬೇಕು. ಸೈಕಲ್‌ಗೆ ಬೇಡ.

ಮಕ್ಕಳ ಜೊತೆ, ಅಥವಾ ಮೊದಲ ಸಲ ಹೋಗುವವರಿಗೆ?

ಸೀಡರ್ ಫಾಲ್ಸ್‌ನಿಂದ ಕ್ಲೀ ಎಲಮ್ ತನಕದ ಭಾಗ ಸಾಕು. ದಕ್ಷಿಣ ಕ್ಲೀ ಎಲಮ್‌ನಲ್ಲಿ ಹಳೆಯ ಸ್ಟೇಷನ್ ಉಳಿಸಿಕೊಂಡಿದ್ದಾರೆ, ಮಕ್ಕಳಿಗೆ ಇಷ್ಟವಾಗುತ್ತದೆ. ಗ್ಯಾಪ್ ದಾಟುವ ಅಭ್ಯಾಸ ಮನೆ ಹತ್ತಿರವೇ ಬೇಕೆಂದರೆ ಈಸ್ಟ್‌ರೇಲ್ ಇದೆ. ರೆಂಟನ್‌ನಿಂದ ಬೆಲ್‌ವ್ಯೂ, ಕರ್ಕ್‌ಲ್ಯಾಂಡ್ ಮೂಲಕ ಉತ್ತರಕ್ಕೆ ಹೋಗುವ ಹಳೆಯ ರೈಲು ದಾರಿ ಅದು. ತುಂಡು ತುಂಡಾಗಿ ತೆರೆಯುತ್ತಾ ಬಂದಿದೆ. ಕರ್ಕ್‌ಲ್ಯಾಂಡ್‌ನ ಒಂಬತ್ತು ಕಿ.ಮೀ. ಭಾಗ 2015ರಿಂದಲೇ ಇದೆ. ಅಲ್ಲಿಂದ ಬೆಲ್‌ವ್ಯೂ ಕಡೆಗೆ ಹೊರಟು, ತೆರೆಯದ ಕಡೆ ಬೀದಿಯಲ್ಲಿ ಇಳಿದು ಮತ್ತೆ ಸೇರುವುದನ್ನು ಒಂದು ಶನಿವಾರ ಮಾಡಿ ನೋಡಿ. ಮ್ಯಾಪ್ ಓದುವುದು, ಇಳಿಯುವ ಜಾಗ ಗುರುತಿಸುವುದು ಕೈಗೆ ಬರುತ್ತದೆ.

ಟೆಕೋವಾ ಆದ ಮೇಲೆ? ವಾಪಸ್ ಬರುವುದು ಹೇಗೆ?

ಗಡಿಯಾಚೆ ಮತ್ತೊಂದು ಗ್ಯಾಪ್ ಇದೆ. ಅದನ್ನು ರಸ್ತೆಯಲ್ಲಿ ದಾಟಿ ಐಡಾಹೋದ ಪ್ಲಮರ್ ಸೇರಿದರೆ ಟ್ರೇಲ್ ಆಫ್ ದಿ ಕೋರ್ ಡಿಅಲೇನ್ಸ್ ಸಿಗುತ್ತದೆ. ಸುಮಾರು 115 ಕಿ.ಮೀ., ಪೂರ್ತಿ ಡಾಂಬರು. ಗಣಿಯ ವಿಷದ ಮಣ್ಣನ್ನು ಮುಚ್ಚಲು ಹಾಕಿದ ಡಾಂಬರು ಅದು, ಅಲ್ಲಿ ಟ್ರೇಲ್ ಬಿಟ್ಟು ಮಣ್ಣಲ್ಲಿ ಕೂರಬೇಡಿ. ಇವೆಲ್ಲ ಸೇರಿ ವಾಷಿಂಗ್ಟನ್ ಡಿ.ಸಿ.ಯಿಂದ ಪಶ್ಚಿಮ ಕರಾವಳಿ ತನಕ ಗ್ರೇಟ್ ಅಮೆರಿಕನ್ ರೈಲ್-ಟ್ರೇಲ್ ಅನ್ನುವ ಯೋಜನೆ 2019ರಲ್ಲಿ ಘೋಷಣೆಯಾಗಿದೆ.

ವಾಪಸ್ ಬರಲು ಹತ್ತಿರದ ದೊಡ್ಡ ಊರು ಸ್ಪೋಕೇನ್. ಅಲ್ಲಿಂದ ಸಿಯಾಟಲ್‌ಗೆ ಆ್ಯಮ್‌ಟ್ರ್ಯಾಕ್‌ನ ಎಂಪೈರ್ ಬಿಲ್ಡರ್ ರೈಲು ಇದೆ. ನಡುರಾತ್ರಿ ಮೇಲೆ ಹೊರಡುತ್ತದೆ, ಬೆಳಗ್ಗೆ ಬೆಟ್ಟ ದಾಟಿ ಬರುತ್ತದೆ. ಸೈಕಲ್‌ಗೂ ಮೊದಲೇ ಜಾಗ ಕಾದಿರಿಸಬೇಕು, ಹಿಂದಿನ ದಿನ ನೋಡಿದರೆ ಸಿಗದೇ ಹೋಗಬಹುದು. ಟಿಕೆಟ್ ದಿನಾಂಕ ಇಡುವಾಗ ಒಂದು ದಿನ ಸಡಿಲ ಬಿಟ್ಟುಕೊಳ್ಳಿ, ಲಿಂಡ್–ರೋಸಾಲಿಯಾ ನಡುವೆ ಅದು ಖರ್ಚಾಗುವ ಸಾಧ್ಯತೆ ಜಾಸ್ತಿ.